ಮನೆಯ ಕರೆಂಟ್ ಲೋಡ್ ಏರಿಸುವುದು, ಜನರೇಟರ್ ಆಯ್ದುಕೊಳ್ಳುವುದು: ಕಾಸರಗೋಡಿನ ಮನೆಗಳಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಎಸಿ ಹಾಕಿಸುತ್ತಿದ್ದೇವೆ. ಸಿಂಗಲ್ ಫೇಸ್ ಸಾಕೇ, ತ್ರೀ ಫೇಸ್ ಬೇಕೇ?

ಕೇರಳದಲ್ಲಿ ಕನೆಕ್ಟೆಡ್ ಲೋಡ್ (ಮನೆಯ ಎಲ್ಲ ಸಾಮಾನುಗಳ ವ್ಯಾಟ್ ಕೂಡಿದ ಮೊತ್ತ) 5 ಕಿಲೋವ್ಯಾಟ್ ವರೆಗೆ ಸಿಂಗಲ್ ಫೇಸ್ (ಕರೆಂಟ್ ತರುವ ತಂತಿ ಒಂದು), ಅದನ್ನು ದಾಟಿದರೆ ತ್ರೀ ಫೇಸ್ (ಅಂಥ ತಂತಿ ಮೂರು). ಎಸಿ ಒಂದರಿಂದಲೇ ಈ ಗೆರೆ ದಾಟುವುದು ಅಪರೂಪ. ಮನೆಯಲ್ಲಿ ಆಗಲೇ ಇರುವ ಸಾಮಾನುಗಳ ಜೊತೆ ಸೇರಿದಾಗ ದಾಟುತ್ತದೆ. ಸಾಮಾನ್ಯ ಮನೆಯೊಂದರ ಲೆಕ್ಕ ಹೀಗೆ ಬರುತ್ತದೆ: ಎಲ್ಇಡಿ ಬಲ್ಬುಗಳು 150 ವ್ಯಾಟ್, ಆರು ಫ್ಯಾನ್ 420, ಫ್ರಿಜ್ 200, ಟಿವಿ 100, ಮಿಕ್ಸಿ 750, ಇಸ್ತ್ರಿ ಪೆಟ್ಟಿಗೆ 1000, ಗೀಸರ್ 2000, ವಾಷಿಂಗ್ ಮೆಷಿನ್ 500, ಒಂದೂವರೆ ಟನ್ ಎಸಿ 1800, 1 ಎಚ್‌ಪಿ ಬಾವಿ ಪಂಪ್ 1100, ಇಂಡಕ್ಷನ್ ಒಲೆ 2000. ಒಟ್ಟು 10,020 ವ್ಯಾಟ್, ಅಂದರೆ 10 ಕಿಲೋವ್ಯಾಟ್.

ಇಷ್ಟೂ ಒಟ್ಟಿಗೆ ಓಡುವುದಿಲ್ಲ. ಸಂಜೆ ಗೀಸರ್, ಎಸಿ, ಪಂಪ್, ಫ್ರಿಜ್, ನಾಲ್ಕು ಲೈಟು–ಫ್ಯಾನ್ ಒಟ್ಟಿಗೆ ಓಡಿದರೆ ಸುಮಾರು 5500 ವ್ಯಾಟ್, 230 ವೋಲ್ಟಿನಲ್ಲಿ 24 ಆಂಪಿಯರ್. ಹಳೆಯ ಮನೆಯಲ್ಲಿ ಮೀಟರಿನಿಂದ ಡಿಬಿಗೆ (ಮನೆಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) 4 ಚದರ ಮಿಲಿಮೀಟರ್ ವಯರ್ ಎಳೆದಿದ್ದರೆ ಅದು ಬಿಸಿಯಾಗಲು ಶುರುವಾಗುವುದು ಇಂಥ ಸಂಜೆಗಳಲ್ಲೇ. ಲೋಡ್ ಏರಿಸುವ ಅರ್ಜಿಗೆ ಬೇಕಾದದ್ದು ಮೊದಲ ಸಂಖ್ಯೆ, 10 ಕಿಲೋವ್ಯಾಟ್. ವಯರ್ ಮತ್ತು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಆಯ್ದುಕೊಳ್ಳಲು ಎರಡನೆಯದು, 24 ಆಂಪಿಯರ್. ಇವೆರಡನ್ನು ಕಲಸಿಹಾಕಬೇಡಿ.

ಲೋಡ್ ಏರಿಸಿದರೆ ಪ್ರತಿ ಬಿಲ್ಲೂ ಏರುತ್ತದೆ ಎನ್ನುತ್ತಾರೆ, ಹೌದೇ?

ಪುತ್ತೂರು, ಸುಳ್ಯದ ನೆಂಟರು ಹೇಳಿದ್ದನ್ನು ಇಲ್ಲಿಗೆ ಅನ್ವಯಿಸಬೇಡಿ. ಗಡಿಯಾಚೆ ಕರ್ನಾಟಕದಲ್ಲಿ ಮನೆಯ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬರುತ್ತದೆ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯಲ್ಲಿ ಅದು ಎಷ್ಟು ಯೂನಿಟ್ ಉರಿಸಿದಿರಿ, ಸಿಂಗಲ್ ಫೇಸೋ ತ್ರೀ ಫೇಸೋ ಎಂಬುದರ ಮೇಲೆ ನಿಲ್ಲುತ್ತದೆ. ತ್ರೀ ಫೇಸಿಗೆ ಹೋದರೆ ನಿಗದಿತ ಶುಲ್ಕ ಹೆಚ್ಚು, ಅದು ಖಚಿತ. ಆದರೆ ಬಿಲ್ಲಿನಲ್ಲಿ ಹೊಡೆತ ಬೀಳುವುದು ಬೇರೆ ಕಡೆ. ತಿಂಗಳಿಗೆ 250 ಯೂನಿಟ್ ದಾಟಿದರೆ ಹಂತ ಹಂತದ ದರ ಹೋಗಿ, ಮೊದಲ ಯೂನಿಟ್ಟಿನಿಂದಲೇ ಒಂದೇ ದರ ಬೀಳುತ್ತದೆ. ಬಿಲ್ ಎರಡು ತಿಂಗಳಿಗೊಮ್ಮೆ ಬರುವುದರಿಂದ ನೋಡಬೇಕಾದ ಸಂಖ್ಯೆ 500.

ನಮ್ಮ ಮನೆಗೆ ತ್ರೀ ಫೇಸ್ ಸಿಗುತ್ತದೋ ಇಲ್ಲವೋ ತಿಳಿಯುವುದು ಹೇಗೆ?

ನಿಮ್ಮ ಮನೆಗೆ ವಯರ್ ಹೊರಡುವ ಪೋಸ್ಟಿನ ಕೆಳಗೆ ನಿಂತು ಮೇಲಿನ ತಂತಿಗಳನ್ನು ಎಣಿಸಿ. ಎರಡೇ ಇದ್ದರೆ ಅದು ಸಿಂಗಲ್ ಫೇಸ್ ಲೈನು. ನಾಲ್ಕೋ ಐದೋ ಇದ್ದರೆ ತ್ರೀ ಫೇಸ್, ಐದನೆಯದು ಬೀದಿದೀಪದ್ದು. ತಂತಿಗಳ ಬದಲು ಹೆಣೆದ ಕಪ್ಪು ಕೇಬಲ್ ಇದ್ದರೆ ಎಣಿಕೆ ನಡೆಯದು, ಲೈನ್‌ಮ್ಯಾನನ್ನೇ ಕೇಳಿ.

ಎಣ್ಮಕಜೆ, ಬೆಳ್ಳೂರು ಕಡೆಯ ತೋಟದ ಮನೆಗಳಲ್ಲಿ ಕಷ್ಟವಾಗುವುದು ಇಲ್ಲೇ. ರಸ್ತೆ ಬದಿಯಲ್ಲಿ ತ್ರೀ ಫೇಸ್ ಇರುತ್ತದೆ, ಗುಡ್ಡೆ ಇಳಿದು ಮನೆಗೆ ಬರುವ ಕವಲು ಲೈನು ಮಾತ್ರ ಎರಡು ತಂತಿಯದ್ದು. ಆಗ ಅಷ್ಟು ದೂರದ ಲೈನನ್ನೇ ಬದಲಿಸಬೇಕು. ಕೆಎಸ್‌ಇಬಿಯ ಸೆಕ್ಷನ್ ಆಫೀಸಿನವರು ಸ್ಥಳ ನೋಡಿ ಎಸ್ಟಿಮೇಟ್ ಕೊಡುತ್ತಾರೆ. ಎಸ್ಟಿಮೇಟ್ ಕೈಗೆ ಬರುವ ಮೊದಲು ಒಳಗಿನ ವಯರಿಂಗಿಗೆ ದುಡ್ಡು ಸುರಿಯಬೇಡಿ. ಆ ಕವಲಿನಲ್ಲಿ ಬೇರೆ ಮನೆಗಳೂ ಇದ್ದರೆ ಮೊದಲೇ ಅವರ ಜೊತೆ ಮಾತಾಡಿ, ಎಲ್ಲರೂ ಒಟ್ಟಿಗೆ ಅರ್ಜಿ ಹಾಕುವುದು ಒಳ್ಳೆಯದು.

ಅರ್ಜಿಯ ಕ್ರಮ ಏನು? ವಯರ್‌ಮ್ಯಾನ್ ಯಾರಾದರೂ ಆಗುತ್ತದೆಯೇ?

ಮೊದಲು ಒಳಗಿನ ಕೆಲಸದ ನಕ್ಷೆ ಮತ್ತು ಲೋಡ್ ಪಟ್ಟಿ. ಬಳಿಕ ಸೆಕ್ಷನ್ ಆಫೀಸಿನಲ್ಲಿ ಅಥವಾ ಕೆಎಸ್‌ಇಬಿಯ ವೆಬ್‌ಸೈಟಿನಲ್ಲಿ ಅರ್ಜಿ. ಅದರ ಜೊತೆ ಗುರುತಿನ ಚೀಟಿ, ಕನ್ಸ್ಯೂಮರ್ ನಂಬರ್, ವಯರಿಂಗ್ ಮುಗಿದ ಬಗ್ಗೆ ಟೆಸ್ಟ್ ರಿಪೋರ್ಟ್. ಆ ರಿಪೋರ್ಟಿಗೆ ಸಹಿ ಹಾಕುವವರ ಬಳಿ ಕೇರಳ ಸ್ಟೇಟ್ ಇಲೆಕ್ಟ್ರಿಸಿಟಿ ಲೈಸೆನ್ಸಿಂಗ್ ಬೋರ್ಡಿನ ಲೈಸೆನ್ಸ್ ಇರಬೇಕು. ಗಡಿಯಾಚೆಯಿಂದ ಬರುವ ಕೆಲಸಗಾರ ಎಷ್ಟೇ ನಿಪುಣನಾಗಿರಲಿ, ಕರ್ನಾಟಕದ ಪರ್ಮಿಟ್ ಇಲ್ಲಿ ನಡೆಯುವುದಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಸಹಿಗಾಗಿ ಬೇರೆಯವರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಗೋಡೆಯೊಳಗೆ ಮುಚ್ಚಿಹೋದ ಕೆಲಸಕ್ಕೆ ಸರಿಯಾದ ಕಂಟ್ರಾಕ್ಟರ್ ಯಾರೂ ಸಹಿ ಹಾಕುವುದಿಲ್ಲ, ಹಾಕಲೂ ಬಾರದು.

ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ತ್ರೀ ಫೇಸ್ ಮಾಡಿಸಿದರೆ ಸರಿಹೋದೀತೇ?

ಇಳಿಯುವುದು ಎಲ್ಲಿ ಎಂದು ನೋಡದೆ ಹೇಳಲಾಗದು. ಮಲ್ಟಿಮೀಟರ್ ಹಿಡಿದು ಎರಡು ಕಡೆ ಅಳೆಯಿಸಿ. ಗೀಸರ್ ಹಾಕಿರುವಾಗ ಮೀಟರಿನ ಬಳಿ ಒಮ್ಮೆ, ಅದೇ ಹೊತ್ತಿಗೆ ಡಿಬಿಯಲ್ಲಿ ಒಮ್ಮೆ. ಮೀಟರಿನಲ್ಲೇ 180 ಇದ್ದರೆ ತೊಂದರೆ ಹೊರಗಿನದು: ಟ್ರಾನ್ಸ್‌ಫಾರ್ಮರ್ ದೂರ, ಲೈನಿನ ಕೊನೆ, ಅಥವಾ ಪೋಸ್ಟಿನಲ್ಲಿ ಜಾಯಿಂಟ್ ಕರಕಲು. ಆಗ ಸೆಕ್ಷನ್ ಆಫೀಸಿಗೆ ಬರೆದು ಕೊಡಿ, ಇಲ್ಲವೇ 1912ಕ್ಕೆ ದೂರು ಹೇಳಿ. ಮೀಟರಿನಲ್ಲಿ 225, ಡಿಬಿಯಲ್ಲಿ 205 ಎಂದಾದರೆ ತೊಂದರೆ ನಿಮ್ಮದೇ ವಯರಿನದ್ದು.

ಗೇಟಿನ ಬಳಿ ಮೀಟರ್, 40 ಮೀಟರ್ ದೂರದಲ್ಲಿ ಮನೆ ಎಂದಿಟ್ಟುಕೊಳ್ಳಿ. ಕರೆಂಟ್ ಹೋಗಿ ಬರುವ ದಾರಿ 80 ಮೀಟರ್. 22 ಆಂಪಿಯರ್ ಎಳೆದಾಗ 4 ಚದರ ಮಿಮೀ ತಾಮ್ರದಲ್ಲಿ ಸುಮಾರು 8 ವೋಲ್ಟ್ ಕಳೆದುಹೋಗುತ್ತದೆ, 6ರಲ್ಲಿ ಐದೂವರೆ, 10ರಲ್ಲಿ 3ರಷ್ಟು. ವಯರ್ ಬಿಸಿಯಾದರೆ ಇನ್ನೂ ಸ್ವಲ್ಪ ಹೆಚ್ಚು. ಲೆಕ್ಕಕ್ಕಿಂತ ತುಂಬ ಜಾಸ್ತಿ ಇಳಿಯುತ್ತಿದ್ದರೆ ಎಲ್ಲೋ ಸ್ಕ್ರೂ ಸಡಿಲಾಗಿದೆ ಎಂದೇ ಅರ್ಥ. ಮೇನ್ ಸ್ವಿಚ್ಚಿನ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಲಿಂಕನ್ನು ಮೊದಲು ನೋಡಿಸಿ. ಹತ್ತರಲ್ಲಿ ಐದು ಮನೆಗಳಿಗೆ ಬೇಕಾದದ್ದು ದಪ್ಪ ವಯರ್ ಮತ್ತು ಬಿಗಿಯಾದ ಸ್ಕ್ರೂ, ಹೊಸ ಕನೆಕ್ಷನ್ ಅಲ್ಲ ಎಂಬುದು ನಮ್ಮ ಅಂದಾಜು.

ತ್ರೀ ಫೇಸ್ ಬಂದ ಮೇಲೆ ಡಿಬಿಯಲ್ಲಿ ಏನೇನು ಇರಬೇಕು?

4 ಪೋಲ್ ಮೇನ್, ಕರೆಂಟ್ ನೆಲಕ್ಕೆ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸಿಡಿಲಿನ ಹೊಡೆತ ತಡೆಯುವ ಎಸ್‌ಪಿಡಿ, ಪ್ರತಿ ಫೇಸಿಗೆ ಬೇರೆ ಎಂಸಿಬಿ ಸಾಲು. ಭಾರದ ಮೂರು ಸಾಮಾನುಗಳನ್ನು ಮೂರು ಫೇಸಿಗೆ ಹಂಚಿ: ಎಸಿ ಒಂದರಲ್ಲಿ, ಗೀಸರ್ ಇನ್ನೊಂದರಲ್ಲಿ, ಪಂಪ್ ಮತ್ತು ಅಡುಗೆಮನೆ ಮೂರನೆಯದರಲ್ಲಿ. 10 ಕಿಲೋವ್ಯಾಟ್ ಸರಿಯಾಗಿ ಹಂಚಿದರೆ ಒಂದು ಫೇಸಿಗೆ 15 ಆಂಪಿಯರ್ ಕೂಡ ಬರುವುದಿಲ್ಲ.

ತ್ರೀ ಫೇಸಿನ ದೊಡ್ಡ ಅಪಾಯ ನ್ಯೂಟ್ರಲ್ ಕಡಿಯುವುದು. ಮಳೆಗಾಲದಲ್ಲಿ ಮಾವಿನದ್ದೋ ಹಲಸಿನದ್ದೋ ಕೊಂಬೆ ಸರ್ವಿಸ್ ವಯರಿಗೆ ಒರಗಿ, ನ್ಯೂಟ್ರಲ್ ಒಂದೇ ತುಂಡಾದರೆ ಮೂರು ಫೇಸುಗಳ ನಡುವಿನ ಸಮತೋಲ ತಪ್ಪುತ್ತದೆ. ಕಡಿಮೆ ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ 300 ದಾಟಬಹುದು. ಆಗ ಟಿವಿ, ಮೋಡೆಮ್, ಎಲ್ಇಡಿ ಬಲ್ಬು ಸಾಲಾಗಿ ಸುಡುತ್ತವೆ, ಎಂಸಿಬಿ ಸುಮ್ಮನೆ ಕೂತಿರುತ್ತದೆ. ಏಕೆಂದರೆ ಎಂಸಿಬಿ ನೋಡುವುದು ಆಂಪಿಯರನ್ನು, ವೋಲ್ಟನ್ನಲ್ಲ. ಹೆಚ್ಚು–ಕಡಿಮೆ ವೋಲ್ಟೇಜಿಗೆ ತಾನಾಗಿ ಕಡಿಯುವ ಪ್ರೊಟೆಕ್ಟರ್ ಹಾಕಿಸಿ. ಒಂದು ಟಿವಿಯ ಬೆಲೆಗಿಂತ ಅದು ಅಗ್ಗ.

ಮುರಕಲ್ಲಿನ ಜಾಗದಲ್ಲಿ ಅರ್ಥಿಂಗ್ ಸರಿ ಬರುತ್ತದೆಯೇ?

ಬರುತ್ತದೆ, ಆದರೆ ಸುಲಭದಲ್ಲಿ ಅಲ್ಲ. ಮುರಕಲ್ಲು ಒಣಗಿದರೆ ಕರೆಂಟ್ ಬಿಡುವುದಿಲ್ಲ. ಮಳೆಗಾಲದಲ್ಲಿ ಅಳೆದಾಗ ಚೆನ್ನಾಗಿದ್ದ ಅರ್ಥ್ ಏಪ್ರಿಲಿನಲ್ಲಿ ಕೈಕೊಡುತ್ತದೆ. ಅರ್ಥಿನ ತಡೆ 20 ಓಮ್ ಇದೆ ಎನ್ನಿ: ಗೀಸರಿನ ಮೈಗೆ ಫೇಸ್ ತಾಗಿದರೆ ಹರಿಯುವುದು ಹೆಚ್ಚೆಂದರೆ 230 ಭಾಗಿಸು 20, ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ, ಗೀಸರಿನ ಮೈಯಲ್ಲಿ ಕರೆಂಟ್ ಹಾಗೇ ನಿಲ್ಲುತ್ತದೆ. ಆರ್‌ಸಿಸಿಬಿ ಇಲ್ಲದೆ ಈ ನೆಲದಲ್ಲಿ ಮನೆ ನಡೆಸಬಾರದು ಎನ್ನುವುದಕ್ಕೆ ಕಾರಣ ಇದೇ.

ಎರಡೂವರೆ ಮೀಟರ್ ಜಿಐ ಪೈಪ್ ನೆಟ್ಟಗೆ ಇಳಿಸಿ. ಬಚ್ಚಲ ನೀರು ಹರಿಯುವ ಬದಿ ಅಥವಾ ತೆಂಗಿನ ಬುಡ ಒಳ್ಳೆಯ ಜಾಗ. ಒಂದು ಗುಂಡಿ ಸಾಲದಿದ್ದರೆ ಐದು ಮೀಟರ್ ಆಚೆ ಇನ್ನೊಂದು ತೋಡಿಸಿ ಎರಡನ್ನೂ ಜೋಡಿಸಿ. ಹತ್ತಿರ ಹತ್ತಿರ ತೋಡಿದರೆ ಎರಡೂ ಒಂದೇ ಗುಂಡಿಯ ಕೆಲಸ ಮಾಡುತ್ತವೆ. ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹೊಯ್ಯಿರಿ.

ಜನರೇಟರ್ ಎಷ್ಟು ಕೆವಿಎಯದ್ದು ಬೇಕು?

ಕೆವಿಎ ಎಂದರೆ ಜನರೇಟರಿನ ಸಾಮರ್ಥ್ಯದ ಅಳತೆ. ಬಲ್ಬು, ಫ್ಯಾನುಗಳನ್ನು ಕೂಡಿಸುತ್ತ ಕೂತರೆ ಉತ್ತರ ಸಿಗುವುದಿಲ್ಲ. ಮನೆಯ ಜನರೇಟರ್ ಗಾತ್ರ ತೀರ್ಮಾನಿಸುವುದು ಪಂಪ್. ಮೋಟಾರ್ ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟನ್ನು ಶುರುವಾಗುವ ಕ್ಷಣದಲ್ಲಿ ಎಳೆಯುತ್ತದೆ. ಕೆಎಸ್‌ಇಬಿ ಲೈನು ಅದನ್ನು ಹೇಗೋ ತಾಳಿಕೊಳ್ಳುತ್ತದೆ. ಸಣ್ಣ ಜನರೇಟರಿನಲ್ಲಿ ಎಂಜಿನ್ ಗೊರಗುಟ್ಟಿ, ವೋಲ್ಟೇಜ್ ಕುಸಿದು, ಪಂಪ್ ತಿರುಗದೆ ಬರೀ ಗುಂಯ್‌ಗುಡುತ್ತ ನಿಲ್ಲುತ್ತದೆ. ಹಾಗೆ ಹತ್ತು ಸೆಕೆಂಡ್ ಬಿಟ್ಟರೆ ಕೆಪಾಸಿಟರ್ ಹೋಯಿತು, ಇನ್ನೂ ಬಿಟ್ಟರೆ ವೈಂಡಿಂಗ್.

ಸಬ್‌ಮರ್ಸಿಬಲ್ ಪಂಪನ್ನು ನೇರ ಸ್ಟಾರ್ಟರಿನಲ್ಲಿ ಓಡಿಸುವುದಾದರೆ ಹೀಗೆ ಇಟ್ಟುಕೊಳ್ಳಿ. 1 ಎಚ್‌ಪಿ ಸಿಂಗಲ್ ಫೇಸಿಗೆ ಕನಿಷ್ಠ 3.5 ಕೆವಿಎ, 5 ಇದ್ದರೆ ನಿಶ್ಚಿಂತೆ. 3 ಎಚ್‌ಪಿಗೆ 10. ತೋಟದ 5 ಎಚ್‌ಪಿ ತ್ರೀ ಫೇಸ್ ಬೋರ್‌ವೆಲ್ ಪಂಪಿಗೆ 15. ಇದಕ್ಕೆ ಮೋಟಾರನ್ನು ಮೆಲ್ಲಗೆ ಏರಿಸುವ ಸಾಫ್ಟ್ ಸ್ಟಾರ್ಟರ್ ಹಾಕಿದರೆ 10 ಕೆವಿಎ ಸಾಕಾಗುತ್ತದೆ, ಆ ಸ್ಟಾರ್ಟರಿನ ಖರ್ಚು ಜನರೇಟರ್ ಬೆಲೆಯ ವ್ಯತ್ಯಾಸದಲ್ಲೇ ಹುಟ್ಟುತ್ತದೆ. ಹಳೆಯ ಬಗೆಯ ಎಸಿಗೂ ಇದೇ ತೊಂದರೆ. ಇನ್ವರ್ಟರ್ ಎಸಿ ಮೆಲ್ಲಗೆ ಏರುವುದರಿಂದ ಅದರ ಓಡುವ ಲೋಡ್ ಮಾತ್ರ ಲೆಕ್ಕಕ್ಕೆ ಹಿಡಿದರೆ ಸಾಕು.

ಇದಕ್ಕಿಂತ ಅಗ್ಗದ ಉಪಾಯ ಒಂದಿದೆ: ಕರೆಂಟ್ ಇರುವಾಗಲೇ 1000 ಲೀಟರಿನ ಇನ್ನೊಂದು ಟ್ಯಾಂಕ್ ತುಂಬಿಸಿಡುವುದು. ಪಂಪನ್ನು ಪಟ್ಟಿಯಿಂದ ತೆಗೆದರೆ ಲೈಟು, ಫ್ಯಾನು, ಫ್ರಿಜ್, ಟಿವಿ, ಮಿಕ್ಸಿ ಸೇರಿ 2 ಕೆವಿಎಯಲ್ಲಿ ನಡೆಯುತ್ತದೆ. ಪಂಪ್ ಬೇಕೇ ಬೇಕು ಎಂದಾದರೆ ಕ್ರಮ ಪಾಲಿಸಿ: ಜನರೇಟರ್ ಶುರುವಾಗಿ ಎರಡು ನಿಮಿಷ ಬಿಸಿಯಾಗಲಿ, ಎಲ್ಲಕ್ಕಿಂತ ಮೊದಲು ಪಂಪ್ ಒಂದನ್ನೇ ಹಾಕಿ, ಅದು ಓಟಕ್ಕೆ ಬಂದ ಮೇಲೆ ಫ್ರಿಜ್, ಕೊನೆಗೆ ಉಳಿದದ್ದು. ಗೀಸರ್, ಇಂಡಕ್ಷನ್, ಇಸ್ತ್ರಿ ಜನರೇಟರಿಗೆ ಸಲ್ಲದು.

ಹಾಗಾದರೆ ದೊಡ್ಡದನ್ನೇ ತಂದಿಟ್ಟರಾಯಿತಲ್ಲ?

ಡೀಸೆಲ್ ಆದರೆ ಅದೇ ತಪ್ಪು. 15 ಕೆವಿಎ ಎಂಜಿನನ್ನು ನಾಲ್ಕು ಫ್ಯಾನಿಗಾಗಿ ರಾತ್ರಿಯಿಡೀ ಓಡಿಸಿದರೆ ಒಳಗೆ ಸಾಕಷ್ಟು ಬಿಸಿ ಏಳುವುದಿಲ್ಲ. ಉರಿಯದ ಡೀಸೆಲ್ ಸೈಲೆನ್ಸರಿನಲ್ಲಿ ಕಪ್ಪು ಅಂಟಾಗಿ ಕಟ್ಟುತ್ತದೆ, ಇಂಜೆಕ್ಟರ್ ಕೆಡುತ್ತದೆ, ಆಯಿಲ್ ತೆಳುವಾಗುತ್ತದೆ. ಸಾಮರ್ಥ್ಯದ ಮೂರರಲ್ಲೊಂದು ಭಾಗವಾದರೂ ಲೋಡ್ ಬೇಕು. ತೋಟದ ಪಂಪಿಗೆ ದೊಡ್ಡದು, ಮನೆಯ ರಾತ್ರಿಗೆ ಬ್ಯಾಟರಿ ಇನ್ವರ್ಟರ್ ಎಂದು ಬೇರೆ ಬೇರೆ ಮಾಡುವುದೇ ಮೇಲು.

ಇನ್ನೊಂದು ಮಾತು. ತ್ರೀ ಫೇಸ್ ಜನರೇಟರಿನ ಕೆವಿಎಯನ್ನು 0.8ರಿಂದ ಗುಣಿಸಿದರೆ ಕಿಲೋವ್ಯಾಟ್. 10 ಕೆವಿಎ ಎಂದರೆ 8 ಕಿಲೋವ್ಯಾಟ್. ಅಂಗಡಿಯಲ್ಲಿ ಬೋರ್ಡಿನ ಮೇಲಿನ ದೊಡ್ಡ ಅಂಕಿ ಕೆಲವೊಮ್ಮೆ ಗರಿಷ್ಠ ಸಾಮರ್ಥ್ಯದ್ದು. ನಿರಂತರ ಓಡುವ ಸಾಮರ್ಥ್ಯ ಪ್ಲೇಟಿನ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ, ಅದನ್ನೇ ಓದಿ.

ಚೇಂಜ್‌ಓವರ್ ಸ್ವಿಚ್ ಇಲ್ಲದೆ ಪ್ಲಗ್ಗಿನಲ್ಲೇ ಕೊಟ್ಟರೆ ಆಗುವುದಿಲ್ಲವೇ?

ಎರಡೂ ತುದಿಗೆ ಪಿನ್ ಇರುವ ವಯರ್ ಮಾಡಿ ಪವರ್ ಸಾಕೆಟ್ಟಿಗೆ ಚುಚ್ಚುವ ಪದ್ಧತಿ ಈಗಲೂ ಇದೆ. ಮೇನ್ ಆಫ್ ಮಾಡಲು ಒಮ್ಮೆ ಮರೆತರೆ ಮನೆಯ 230 ವೋಲ್ಟ್ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಉಲ್ಟಾ ಏರಿ 11,000 ವೋಲ್ಟ್ ಆಗುತ್ತದೆ. ಮಳೆಯಲ್ಲಿ ಪೋಸ್ಟ್ ಹತ್ತಿ, ಲೈನು ಸತ್ತಿದೆ ಎಂದು ಕೈಹಾಕಿದ ಲೈನ್‌ಮ್ಯಾನ್ ಅಲ್ಲೇ ಸಾಯುತ್ತಾನೆ. ಇಲ್ಲಿ ರಿಯಾಯಿತಿಯ ಮಾತೇ ಇಲ್ಲ. ಕೆಎಸ್‌ಇಬಿ, ಆಫ್, ಜನರೇಟರ್ ಎಂದು ಮೂರು ಸ್ಥಾನ ಇರುವ ಚೇಂಜ್‌ಓವರ್ ಬೇಕೇ ಬೇಕು. ಸಿಂಗಲ್ ಫೇಸಿಗೆ 2 ಪೋಲ್, ತ್ರೀ ಫೇಸಿಗೆ 4 ಪೋಲ್. ನ್ಯೂಟ್ರಲನ್ನೂ ಅದು ಕಡಿಯಬೇಕು.

ಜನರೇಟರ್ ಓಡುವಾಗ ಟೆಸ್ಟರ್ ಎರಡೂ ತೂತಿನಲ್ಲಿ ಉರಿಯುತ್ತದೆ. ಏನಾಗಿದೆ?

ಕೆಟ್ಟದ್ದೇನೂ ಆಗಿಲ್ಲ, ಆದರೆ ಸುಮ್ಮನೆ ಬಿಡುವ ಸಂಗತಿಯೂ ಅಲ್ಲ. ಹೆಚ್ಚಿನ ಸಣ್ಣ ಪೆಟ್ರೋಲ್ ಜನರೇಟರುಗಳಲ್ಲಿ ನ್ಯೂಟ್ರಲನ್ನು ಭೂಮಿಗೆ ಕಟ್ಟಿರುವುದಿಲ್ಲ. ಎರಡು ತುದಿಗಳೂ ನೆಲದಿಂದ ಸುಮಾರು 115 ವೋಲ್ಟ್ ಎತ್ತರದಲ್ಲಿ ತೇಲುತ್ತಿರುತ್ತವೆ, ಟೆಸ್ಟರಿನ ಸಣ್ಣ ದೀಪ ಎರಡೂ ಕಡೆ ಮಂಕಾಗಿ ಹೊತ್ತಿಕೊಳ್ಳುತ್ತದೆ.

ತೊಂದರೆ ಬೇರೆ ಕಡೆ. ಫೇಸಿನಿಂದ ನೆಲಕ್ಕೆ ಸೋರಿದ ಕರೆಂಟ್ ಜನರೇಟರಿಗೆ ಮರಳಲು ದಾರಿಯೇ ಇರುವುದಿಲ್ಲ, ಹಾಗಾಗಿ ಆರ್‌ಸಿಸಿಬಿ ಬೀಳುವುದೂ ಇಲ್ಲ. ಮನೆಗೆ ಶಾಶ್ವತವಾಗಿ ಜೋಡಿಸುವ ಜನರೇಟರ್ ಆದರೆ ಅದರ ನ್ಯೂಟ್ರಲನ್ನು ಜನರೇಟರಿನ ಬಳಿಯಲ್ಲೇ, ಒಂದೇ ಒಂದು ಕಡೆ, ಅರ್ಥಿಗೆ ಕಟ್ಟಬೇಕು. ಜನರೇಟರಿನ ಲೋಹದ ಮೈಗೆ ಎರಡು ಪ್ರತ್ಯೇಕ ಅರ್ಥ್ ಜೋಡಣೆ ಬೇಕು. ಕಟ್ಟುವ ಮೊದಲು ಕಂಪನಿಯ ಪುಸ್ತಕ ನೋಡಿ, ಕೆಲವು ಇನ್ವರ್ಟರ್ ಜನರೇಟರುಗಳಲ್ಲಿ ಹಾಗೆ ಕಟ್ಟಬಾರದು. ಚೇಂಜ್‌ಓವರ್ ನ್ಯೂಟ್ರಲನ್ನು ಕಡಿಯದೆ, ಎರಡೂ ನ್ಯೂಟ್ರಲ್ ಡಿಬಿಯಲ್ಲಿ ಸೇರಿಕೊಂಡಿದ್ದರೆ ಇನ್ನೊಂದು ತಲೆನೋವು: ಹೋದ ಕರೆಂಟ್ ಬೇರೆ ದಾರಿಯಲ್ಲಿ ಮರಳಿ, ಕಾರಣವೇ ಇಲ್ಲದೆ ಆರ್‌ಸಿಸಿಬಿ ಬೀಳುತ್ತದೆ. ಬೇಸತ್ತು ಅದನ್ನು ಬೈಪಾಸ್ ಮಾಡಿಸಿದ ಮನೆಗಳು ಕಡಿಮೆಯೇನಿಲ್ಲ. ಸರಿಮಾಡಬೇಕಾದದ್ದು ಚೇಂಜ್‌ಓವರನ್ನು.

ಮನೆ ತ್ರೀ ಫೇಸ್, ಜನರೇಟರ್ ಸಿಂಗಲ್ ಫೇಸ್. ಜೋಡಿಸಬಹುದೇ?

ಜೋಡಿಸಬಹುದು, ಎರಡು ದಾರಿ ಇದೆ. ಒಳ್ಳೆಯದು: ಬೇಕಾದ ಲೈಟು, ಫ್ಯಾನು, ಫ್ರಿಜ್ ಸರ್ಕ್ಯೂಟುಗಳನ್ನು ಒಂದು ಸಣ್ಣ ಡಿಬಿಗೆ ಬೇರೆ ಮಾಡಿ, ಅದಕ್ಕೆ ಮಾತ್ರ 2 ಪೋಲ್ ಚೇಂಜ್‌ಓವರ್ ಹಾಕುವುದು. ಹೊಸ ವಯರಿಂಗ್ ಆಗುವಾಗಲೇ ಹೇಳಿದರೆ ಖರ್ಚು ತೀರ ಕಡಿಮೆ. ಇನ್ನೊಂದು: ಚೇಂಜ್‌ಓವರಿನ ಜನರೇಟರ್ ಬದಿಯಲ್ಲಿ ಮೂರು ಫೇಸುಗಳನ್ನೂ ಸೇರಿಸಿ ಒಂದೇ ಕರೆಂಟ್ ಕೊಡುವುದು. ಇದರಲ್ಲಿ ಎರಡು ಎಚ್ಚರಿಕೆ. ಮೂರು ಫೇಸಿನ ಮೋಟಾರ್ ಯಾವುದೂ ಆ ಡಿಬಿಯಲ್ಲಿ ಇರಬಾರದು, ಇದ್ದರೆ ತಿರುಗದೆ ಕೆಟ್ಟುಹೋಗುತ್ತದೆ. ಎರಡನೆಯದು ನ್ಯೂಟ್ರಲ್. ತ್ರೀ ಫೇಸಿನಲ್ಲಿ ಮೂರರ ಕರೆಂಟ್ ನ್ಯೂಟ್ರಲಿನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತದೆ, ಇಲ್ಲಿ ಮೂರೂ ಕೂಡಿಕೊಳ್ಳುತ್ತದೆ. 5 ಕೆವಿಎ ಜನರೇಟರಾದರೆ ಹೆಚ್ಚೆಂದರೆ 22 ಆಂಪಿಯರ್, 4 ಚದರ ಮಿಮೀ ನ್ಯೂಟ್ರಲ್ ತಡೆಯುತ್ತದೆ. 10 ಕೆವಿಎ ಸಿಂಗಲ್ ಫೇಸಾದರೆ 43, ಅದೇ ವಯರ್ ಕರಗುತ್ತದೆ.

ತೋಟದ ಪಂಪನ್ನು ಮನೆಯ ಮೀಟರಿಗೇ ಕೊಡಬಹುದೇ?

ಅಡಿಕೆ ತೋಟಕ್ಕೆ ನೀರು ಬಿಡುವ ಪಂಪಿಗೆ ಪ್ರತ್ಯೇಕ ಕೃಷಿ ಕನೆಕ್ಷನ್ ಪಡೆಯುವುದೇ ಲಾಭ. ದರ ಮನೆಯದ್ದಕ್ಕಿಂತ ಕಡಿಮೆ, ಮನೆಯ 250 ಯೂನಿಟ್ಟಿನ ಗೆರೆಯೂ ದಾಟುವುದಿಲ್ಲ. ಕೃಷಿ ಭವನದಲ್ಲಿ ವಿಚಾರಿಸಿ.

ಸಣ್ಣ ಕರೆಂಟ್ ಕಟ್ಟಿಗೂ ಜನರೇಟರ್ ಬೇಕೇ?

ಬೇಡ. 150 ಆಂಪಿಯರ್–ಅವರ್ ಬ್ಯಾಟರಿ ಒಂದರಿಂದ ನಷ್ಟ ಕಳೆದು ಸುಮಾರು 1.2 ಯೂನಿಟ್ ಸಿಗುತ್ತದೆ. ನಾಲ್ಕು ಹಳೆಯ ಫ್ಯಾನ್, ಎಂಟು ಬಲ್ಬು, ಮೋಡೆಮ್ ಮೂರು ಗಂಟೆ ನಡೆಯುತ್ತದೆ. ಆ ಫ್ಯಾನುಗಳನ್ನು ಕಡಿಮೆ ಕರೆಂಟ್ ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಬದಲಿಸಿದರೆ ಅದೇ ಬ್ಯಾಟರಿ ಆರು ಗಂಟೆಯ ಹತ್ತಿರ ಬರುತ್ತದೆ. ಎರಡನೇ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನ್ ಬದಲಿಸಿ. ಡೀಸೆಲ್ ಜನರೇಟರಿನಲ್ಲಿ ಲೀಟರಿಗೆ ಸಿಗುವುದು ಹೆಚ್ಚುಕಡಿಮೆ 3 ಯೂನಿಟ್. ಇವತ್ತಿನ ಡೀಸೆಲ್ ದರವನ್ನು ಮೂರರಿಂದ ಭಾಗಿಸಿ ನೋಡಿ.

ಮಾಡಿನ ಮೇಲೆ ಸೋಲಾರ್ ಇದೆ. ಜನರೇಟರಿನ ಜೊತೆ ಓಡೀತೇ?

ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಲೈನ್‌ಮ್ಯಾನಿನ ರಕ್ಷಣೆಗೆ ಹಾಗೆ ಮಾಡಿದ್ದಾರೆ. ಜನರೇಟರಿನ ಕರೆಂಟನ್ನು ಲೈನೆಂದು ತಿಳಿದು ಅದು ಮತ್ತೆ ಶುರುವಾದರೆ, ಹೆಚ್ಚಾದ ಕರೆಂಟ್ ಜನರೇಟರಿಗೇ ನುಗ್ಗುತ್ತದೆ. ಸೋಲಾರಿನ ಜೋಡಣೆ ಚೇಂಜ್‌ಓವರಿನ ಕೆಎಸ್‌ಇಬಿ ಬದಿಯಲ್ಲೇ ಇರಲಿ.

ಒಪ್ಪಿಗೆ ಏನಾದರೂ ಬೇಕೇ? ಎಲ್ಲಿ ಇಡಬೇಕು?

10 ಕಿಲೋವ್ಯಾಟ್ ಮೀರಿದ ಜನರೇಟರಿಗೆ ಇಲೆಕ್ಟ್ರಿಕಲ್ ಇನ್‌ಸ್ಪೆಕ್ಟರರ ಲಿಖಿತ ಒಪ್ಪಿಗೆ ಬೇಕು. ಹೊಸ ಡೀಸೆಲ್ ಸೆಟ್ ಕೊಳ್ಳುವಾಗ 2023ರ ಜುಲೈಯಿಂದ ಜಾರಿಯಲ್ಲಿರುವ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ಹೊಗೆ ಮಾನದಂಡದ್ದೇ ಎಂದು ನೋಡಿಕೊಳ್ಳಿ.

ಸಿಟೌಟ್, ಅಡುಗೆಮನೆಯ ಹಿಂದಿನ ಮುಚ್ಚಿದ ಚಾವಡಿ, ಕಿಟಕಿಯ ಕೆಳಗೆ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮಳೆಗೆಂದು ಒಳಗೆ ತಂದು ಓಡಿಸುವುದೇ ಹೆಚ್ಚಿನ ಸಾವಿಗೆ ಕಾರಣ. ಮನೆಯಿಂದ ಆಚೆ, ಮೂರು ಬದಿ ತೆರೆದ, ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆ, ಮೇಲೊಂದು ಶೀಟು. ಗಾಳಿ ಮಳೆ ತರುವ ಪಶ್ಚಿಮದ ಕಡೆಗೆ ಮಾತ್ರ ಗೋಡೆ.

ಮಳೆ ಶುರುವಾಗುವ ಹೊತ್ತಿಗೆ ಸ್ಟಾರ್ಟ್ ಆಗುವುದೇ ಇಲ್ಲ. ಯಾಕೆ?

ಕಳೆದ ವರ್ಷದ ಪೆಟ್ರೋಲ್ ಕಾರ್ಬುರೇಟರಿನಲ್ಲಿ ಅಂಟಾಗಿ ಕೂತಿದೆ. ಮಳೆಗಾಲ ಮುಗಿದಾಗ ಟ್ಯಾಂಕಿನ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಖಾಲಿ ಮಾಡಿ. ಬಳಕೆಯಲ್ಲಿರುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆ, ಬರಿದೇ ಅಲ್ಲ, ಫ್ರಿಜ್ ಮತ್ತು ಫ್ಯಾನುಗಳ ಲೋಡ್ ಹಾಕಿ ಓಡಿಸಿ. ಸಣ್ಣ ಪೆಟ್ರೋಲ್ ಎಂಜಿನಿಗೆ ಮೊದಲ ಆಯಿಲ್ ಬದಲಾವಣೆ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ. ಸೆಲ್ಫ್ ಸ್ಟಾರ್ಟ್ ಇದ್ದರೆ ಬ್ಯಾಟರಿಯ ಟರ್ಮಿನಲ್ ಮೇಲೆ ಹಸಿರು ಹುಡಿ ಕಟ್ಟಿದೆಯೇ ನೋಡಿ, ಬಿಸಿನೀರಿನಲ್ಲಿ ತೊಳೆದು ವ್ಯಾಸಲಿನ್ ಹಚ್ಚಿ. ಏರ್ ಫಿಲ್ಟರ್ ಒಳಗೆ ಇಲಿ ಗೂಡು ಕಟ್ಟಿರುವುದೂ ಉಂಟು. ಹಗ್ಗ ಎಳೆದು ಎಳೆದು ತೋಳು ನೋಯಿಸಿಕೊಳ್ಳುವ ಮೊದಲು ಆ ಮುಚ್ಚಳ ತೆಗೆದು ನೋಡಿ.